ಬಸಲಿಂಗಪ್ಪ ಅಪ್ಪನಾದದ್ದು

ಬೆಳಗಾವಿಯ ಅನಗೋಳದ ಬಸಲಿಂಗಪ್ಪನಿಗೆ ಮೂವತ್ತು ತುಂಬಿತ್ತು. ಬುದ್ಧಿ ಮಾತ್ರ ಇನ್ನೂ ದಾರಿಯಲ್ಲಿತ್ತು. ಅಪ್ಪನ ಕಿರಾಣಿ ಅಂಗಡಿಯಲ್ಲಿ ಕೂಡುವುದು ಬಿಟ್ಟು ಓಣಿಯ ಹುಡುಗರೊಡನೆ ಗೋಲಿ ಆಡುತ್ತಿದ್ದ, ಸೋತರೆ ಊಟ ಬಿಡುತ್ತಿದ್ದ. ಬಸುರಿ ಹೆಂಡತಿ ಸಂಗವ್ವ ಹೆರಿಗೆಗೆಂದು ಖಾನಾಪುರದಾಚೆಯ ಬೀಡಿ ಎಂಬ ಊರಿಗೆ, ತವರಿಗೆ ಹೋದಾಗ, ಇನ್ನು ಬೈಯುವವರಿಲ್ಲವೆಂದು ಬಲು ಸಮಾಧಾನಪಟ್ಟ.

ಎಂಬತ್ತೊಂದನೇ ಇಸವಿಯ ಬೇಸಿಗೆ. ಬೇನೆ ಸುರುವಾಗಿದೆಯೆಂದು ಬೀಡಿಯಿಂದ ಹೇಳಿಕೆ ಬಂತು. ಬಸಲಿಂಗಪ್ಪ ಕೂಡಲೇ ಹೊರಟ, ಅದರಲ್ಲಿ ಸುಳ್ಳಿಲ್ಲ. ಖಾನಾಪುರದಲ್ಲಿ ಬಸ್ಸು ಬದಲಿಸಬೇಕಿತ್ತು. ಅಲ್ಲಿನ ಟಾಕೀಸಿನಲ್ಲಿ ಒಂದು ನಗೆಚಿತ್ರ: ಬೆಳೆದರೂ ಬುದ್ಧಿ ಬಾರದವನೊಬ್ಬ ಅಪ್ಪನಾಗಿ ಪಡುವ ಪಾಡು. ಬಸ್ಸಿಗೆ ಹೊತ್ತಿದೆಯೆಂದು ಒಳಹೊಕ್ಕ. ಬಸ್ಸು ಬಂತು, ಹೋಯಿತು, ಇವನು ಏಳಲಿಲ್ಲ. ಪರದೆಯ ಮೇಲಿನ ಪೆದ್ದ ತನ್ನ ಕೂಸನ್ನು ತಲೆಕೆಳಗಾಗಿ ಹಿಡಿದಾಗ ಬಿದ್ದು ಬಿದ್ದು ನಕ್ಕ.

"ಇಂಥಾ ಮಂದೀನೂ ಇರ್ತಾರ ನೋಡ್ರಿ," ಎಂದು ಬಾಜು ಕೂತವನಿಗೆ ಹೇಳಿದ.

ಬೀಡಿ ಮುಟ್ಟಿದಾಗ ದೀಪ ಹಚ್ಚುವ ಹೊತ್ತು. ಮಗಳು ಹುಟ್ಟಿ ಒಂದು ನಿದ್ದೆ ಮುಗಿಸಿದ್ದಳು.

"ಯಾಕ ತಡಾ ಆತ್ರೀ, ಅಳಿಯಾರ?" ಅತ್ತೆ ನಿಂಗವ್ವ ಕೇಳಿದಳು.

"ಸಿನೇಮಾ ಭಾಳ ಛಲೋ ಇತ್ರೀ, ಅತ್ತಿ," ಎಂದವನು ಪೂರ್ತಿ ಕಥೆ ಹೇಳಿ, ದಿಂಬನ್ನೇ ಕೂಸು ಮಾಡಿ ಆಡಿಯೂ ತೋರಿಸಿದ.

ಒಳಗಿನಿಂದ ಸಂಗವ್ವನ ದನಿ ಬಂತು: "ಎವ್ವಾ, ಅವರ ಕೈಯಾಗ ದಿಂಬ ಇರ್ಲಿ. ಕೂಸು ಕೊಡಬ್ಯಾಡ."

ಕೂಸಿಗೆ ರೇಣವ್ವ ಎಂದು ಹೆಸರಿಟ್ಟರು. ತಾಯಿ ಮಗಳು ಅನಗೋಳಕ್ಕೆ ಬಂದ ಮೇಲೆ ಅದೇ ಚಿತ್ರ ಬೆಳಗಾವಿಯಲ್ಲಿ ಮತ್ತೆ ಹಾಕಿದರು. ಒಂದು ಮಧ್ಯಾಹ್ನ ಸಂಗವ್ವ ಕೂಸನ್ನು ಗಂಡನ ತೊಡೆಗೆ ಹಾಕಿ, ಪಕ್ಕದ ಮನೆಯ ಕಾಂತಾಳೊಡನೆ ಹೊರಟಳು.

"ಎಲ್ಲಿಗೆ ಹೊಂಟಿ?"

"ಸಿನೇಮಾಕ್ಕ. ಛಲೋ ಐತಿ ಅಂದಿದ್ರಲ್ಲ."

"ಕೂಸು ಅತ್ತರ?"

"ನೀವೂ ಅಳ್ರಿ. ಜೋಡಿ ಆಕ್ಕೈತಿ."

ಕೂಸು ಅತ್ತಿತು. ತನಗೆ ತಿಳಿದ ಒಂದೇ ಉಪಾಯ ಹೂಡಿ ಬಸಲಿಂಗಪ್ಪ ಅದರ ಅಂಗೈಗೆ ಗೋಲಿಯಿಟ್ಟ. ಅಳು ನಿಂತಿತು; ತನ್ನ ಜಾಣತನಕ್ಕೆ ತಾನೇ ಬೀಗಿದ. ಮರುಗಳಿಗೆಯಲ್ಲಿ ಗೋಲಿ ಬಾಯಲ್ಲಿತ್ತು, ಕೂಸಿನ ಮುಖ ಕೆಂಪಾಗಿತ್ತು. ಬೋರಲು ಹಾಕಿ ಬೆನ್ನಿಗೆ ಬಡಿದ. ಗೋಲಿ ಹೊರಬಿತ್ತು, ಕೂಸು ಚೀರಿತು. ಅವನು ಅದನ್ನು ಎತ್ತಿಕೊಂಡು, ಅದಕ್ಕಿಂತ ಜೋರಾಗಿ ಅತ್ತ.

ಸಂಗವ್ವ ಬಂದಾಗ ಮಗಳನ್ನು ಹೆಗಲಿಗೆ ಹಾಕಿಕೊಂಡು ಅಂಗಳದಲ್ಲಿ ಅಡ್ಡಾಡುತ್ತಿದ್ದ. ಹುಡುಗರು ಆಟಕ್ಕೆ ಕರೆದರೂ ತಿರುಗಲಿಲ್ಲ. ನಡೆದದ್ದನ್ನು ಮುಚ್ಚಿಡದೆ ಹೇಳಿದ. ಬೈಗುಳಕ್ಕೆ ಕಾದ. ಆಕೆ ಮಗಳನ್ನು ಎದೆಗವಚಿಕೊಂಡು ಒಳಗೆ ಹೋದಳು. ಅದು ಬೈಗುಳಕ್ಕಿಂತ ನಾಟಿತು.

ಅಂದೇ ದೊಡ್ಡವನಾದನೆಂದರೆ ಸುಳ್ಳಾದೀತು. ಕೂಸಿಗೆ ನೀರೆರೆಯುವುದನ್ನು, ತೂಗಿ ಮಲಗಿಸುವುದನ್ನು ಕಲಿತ. ಮಗಳಿಗೆ ಜ್ವರ ಬಂದರೆ ದವಾಖಾನೆಗೆ ಮೊದಲು ಓಡುತ್ತಿದ್ದ. ಅಲ್ಲಿ ಸೂಜಿ ಕಂಡು ಮೊದಲು ಅಳುತ್ತಿದ್ದವನೂ ಅವನೇ. ನಡೆಯುವಷ್ಟಾದ ಮೇಲೆ ರೇಣವ್ವನೇ ಅವನ ಬೆರಳು ಹಿಡಿದು ಮನೆಗೆ ಕರೆತರುತ್ತಿದ್ದಳು.