ಸ್ಟೂಲು ಮಗುಚಿದ ಅತ್ತೆ

ನಮ್ಮ ಸೋದರತ್ತೆಗೆ ಕೂರುವುದು ಗೊತ್ತಿತ್ತು, ಏಳುವುದು ಗೊತ್ತಿರಲಿಲ್ಲ. ಯಾರದಾದರೂ ಮನೆಗೆ ಊಟಕ್ಕೆ ಹೋದರೆ, ಆ ಮನೆಯವರು ಆಕಳಿಸಿ, ದೀಪ ಆರಿಸಿ, ಮತ್ತೆ ಹಾಕಿ, ಕೊನೆಗೆ ಅವಳ ಚಪ್ಪಲಿಯನ್ನು ತಂದು ಎದುರಿಗಿಡುವ ತನಕ ಕೂತಿರುತ್ತಿದ್ದಳು. ಫೋನಿನಲ್ಲಿ "ಸರಿ, ಇಡ್ತೀನಿ" ಎಂದ ಮೇಲೆಯೇ ಅವಳ ನಿಜವಾದ ಮಾತು ಶುರು. ಕಾನ್ವೆಂಟಿನಲ್ಲಿ ಓದಿದ ನನಗೆ ಎದ್ದು ನಿಲ್ಲುವುದೆಂದರೆ ಸಿಸ್ಟರು ಕೊಡುವ ಶಿಕ್ಷೆ. ಅತ್ತೆಗೆ ಆ ಶಿಕ್ಷೆ ಕೊಡುವವರು ಯಾರೂ ಸಿಕ್ಕಿರಲಿಲ್ಲ.

ಅವಳ ಕಸುಬು ರಫು. ಸಿಗರೇಟಿನ ಕಿಡಿ ಬಿದ್ದ ಕೋಟು, ನುಸಿ ತಿಂದ ಶಾಲು, ಮೊಳೆಗೆ ಸಿಕ್ಕಿದ ಪ್ಯಾಂಟು, ಏನೇ ಬರಲಿ, ಅದೇ ಬಣ್ಣದ ಎಳೆ ಹುಡುಕಿ ಅಡ್ಡಡ್ಡ ಉದ್ದುದ್ದ ನೇಯ್ದು ಮುಚ್ಚುತ್ತಿದ್ದಳು. ಗಿರಾಕಿಗಳು ತಮ್ಮ ಬಟ್ಟೆಯನ್ನೇ ಬೆಳಕಿಗೆ ಹಿಡಿದು, "ನಂದು ಇದೇನಾ? ತೂತಿತ್ತಲ್ಲ?" ಎಂದು ಅನುಮಾನ ಪಡುತ್ತಿದ್ದರು. ತೂತು ಕಳೆದುಹೋಗಿದೆ ಎಂದು ದೂರು ಕೊಡುವವರ ಹಾಗೆ.

ಅವಳು ಕೆಲಸ ಮಾಡುತ್ತಿದ್ದದ್ದು ಹಳೆಯ ಕಟ್ಟಡವೊಂದರ ಮೂರನೇ ಮಹಡಿಯ ಉದ್ದನೆಯ ಹಾಲಿನಲ್ಲಿ. ಅಲ್ಲಿ ನಾಲ್ವರು ಬಾಡಿಗೆ ಹಂಚಿಕೊಂಡು ಕೂರುತ್ತಿದ್ದರು. ಒಬ್ಬರು ಕೋಟು ಕತ್ತರಿಸುವ ಮಾಸ್ತರು. ಇನ್ನೊಬ್ಬರು ಟೋಪಿ ಹೊಲಿಯುವ ಮಾವ, ಊರಿನಲ್ಲಿ ರಾಜಾರೋಷವಾಗಿ ಟೋಪಿ ಹಾಕಿ ಹೊಟ್ಟೆ ಹೊರೆಯುವ ಒಬ್ಬನೇ ಪ್ರಾಮಾಣಿಕ. ಮೂರನೆಯವನು ಜಿಪ್ಪು ಹಾಕುವವನು. ಬಾಯಿಗೂ ಒಂದು ಹಾಕಿಕೊಂಡಿದ್ದ. ನಾಲ್ಕನೆಯವಳು ಅತ್ತೆ. ಅಲ್ಲಿ ಅವಳು ಎಲ್ಲರಿಗೂ ಅಕ್ಕ.

ಹಾಲಿಗೆ ಇದ್ದದ್ದು ಒಂದೇ ಕಿಟಕಿ. ದೊಡ್ಡದು, ಬೆಳಗಿನಿಂದ ಸಂಜೆಯವರೆಗೆ ಬೆಳಕು ಸುರಿಯುವಂಥದ್ದು. ಅದರ ಕೆಳಗಿನ ಮೇಜು ಯಾರದ್ದು ಎಂಬ ಜಗಳ ಇವರಿಗಿಂತ ಹಿಂದಿನ ತಲೆಮಾರಿನದು. ಕತ್ತರಿಗಳು ಬಟ್ಟೆ ಬಿಟ್ಟು ಬೇರೆ ಕಡೆ ತಿರುಗುವ ಮಟ್ಟಕ್ಕೆ ಹೋದಾಗ ಆಗಿನ ಹಿರಿಯರು ಒಂದು ಪದ್ಧತಿ ಮಾಡಿದರು: ವರ್ಷಕ್ಕೊಮ್ಮೆ, ರಜೆಯ ದಿನ ಮಧ್ಯಾಹ್ನ, ಪೋಕರ್ ಆಡುವುದು. ದುಡ್ಡಿಗಲ್ಲ, ಗುಂಡಿಗಳಿಗೆ. ಹಳೆ ಕೋಟುಗಳಿಂದ ಬಿಚ್ಚಿದ ಗುಂಡಿಗಳನ್ನು ಎಲ್ಲರಿಗೂ ಒಂದೊಂದು ಲೋಟದಷ್ಟು ಅಳೆದುಕೊಡುವುದು. ಯಾರಿಗೆ ಸಾಕೆನಿಸುತ್ತದೋ ಅವರು ಎದ್ದು ತಮ್ಮ ಸ್ಟೂಲನ್ನು ಮೇಜಿನ ಮೇಲೆ ಮಗುಚಿಡಬೇಕು. ಮಗುಚಿದ ಸ್ಟೂಲನ್ನು ಆ ದಿನ ಮತ್ತೆ ಇಳಿಸುವ ಹಾಗಿಲ್ಲ. ಎದ್ದವರ ಗುಂಡಿಗಳನ್ನು ಗಾಜಿನ ಜಾಡಿಗೆ ಸುರಿದು, ಎಲ್ಲಿಯವರೆಗೆ ಬಂತೋ ಅಲ್ಲಿಗೆ ಕೆಂಪು ದಾರ ಕಟ್ಟಿ, ಜಾಡಿ ಖಾಲಿ ಮಾಡುವುದು. ಸಂಜೆ ಕಾವಲುಗಾರ ಬಾಗಿಲು ಹಾಕಲು ಬರುವಷ್ಟರಲ್ಲಿ ಯಾರ ಮಟ್ಟ ಎಲ್ಲಕ್ಕಿಂತ ಮೇಲಿರುತ್ತದೋ ಅವರಿಗೆ ಕಿಟಕಿ. ಉಳಿದವರಿಗೆ ಬಾಗಿಲ ಪಕ್ಕ, ಫ್ಯಾನಿನ ಕೆಳಗೆ, ಕೊನೆಯವರಿಗೆ ನೀರಿನ ಪೈಪಿನ ಹಿಂದಿನ ಮೂಲೆ. ಆ ಮೂಲೆಯ ಟ್ಯೂಬ್‌ಲೈಟು ಉರಿಯುವುದಕ್ಕಿಂತ ಹೆಚ್ಚು ಕಣ್ಣು ಹೊಡೆಯುತ್ತಿತ್ತು.

ಆ ಮೂಲೆ ಅತ್ತೆಗೆ ಮೀಸಲು ಎಂಬಂತಾಗಿತ್ತು. ವಿಚಿತ್ರವೆಂದರೆ ನಾಲ್ವರಲ್ಲಿ ಚೆನ್ನಾಗಿ ಆಡುತ್ತಿದ್ದವಳು ಅವಳೇ. ಪ್ರತಿ ವರ್ಷ ನಡುಮಧ್ಯಾಹ್ನಕ್ಕೆ ಅವಳ ಮುಂದೆ ಗುಂಡಿಗಳ ಗುಡ್ಡ. ಆಮೇಲೆ ಒಂದು ಆಟ ಸೋಲುತ್ತಿದ್ದಳು, ಎಲ್ಲರೂ ಸೋಲುವ ಹಾಗೆ. ಅಲ್ಲಿಂದ "ಇನ್ನೊಂದೇ ಆಟ, ಇಷ್ಟು ತುಂಬಿಸ್ಕೊಂಡು ಎದ್ಬಿಡ್ತೀನಿ" ಎಂದು ಶುರುವಾದರೆ, ಸಂಜೆಗೆ ಗುಡ್ಡ ಇದ್ದ ಜಾಗದಲ್ಲಿ ಗುಂಡಿ. ಬಟ್ಟೆಯ ಗುಂಡಿ ಅಲ್ಲ, ನೆಲದ ಗುಂಡಿ.

ಈ ವರ್ಷ ಆಟಕ್ಕೆ ಸ್ವಲ್ಪ ಮೊದಲು ಒಂದು ಘಟನೆ ನಡೆಯಿತು. ಮಾಸ್ತರು ತಮ್ಮ ಗಿರಾಕಿಯೊಬ್ಬರ ಕರಿ ಕೋಟನ್ನು ರಫು ಮಾಡಲು ಅತ್ತೆಗೆ ಕೊಟ್ಟಿದ್ದರು. ವಾಪಸು ಬಂದದ್ದನ್ನು ಕಿಟಕಿಗೆ ಹಿಡಿದು ನೋಡಿ ಹಾಲಿನುದ್ದಕ್ಕೂ ಕೂಗಿದರು:

"ಏನಮ್ಮಾ ಇದು? ಕರಿ ಬಟ್ಟೆಗೆ ನೀಲಿ ದಾರ! ಕೋಟಿಗೆ ಏಟು ಬಿದ್ದು ನೀಲಿಗಟ್ಟಿದ ಹಾಗಿದೆ!"

ಅತ್ತೆ ಎದ್ದು ಹೋಗಿ ನೋಡಿದಳು. ಕಿಟಕಿಯ ಬೆಳಕಿನಲ್ಲಿ ಅವಳಿಗೂ ಕಾಣಿಸಿತು. ಕೋಟನ್ನು ತನ್ನ ಮೂಲೆಗೆ ತಂದು ಟ್ಯೂಬ್‌ಲೈಟಿನ ಕೆಳಗೆ ಹಿಡಿದಳು. ಅಲ್ಲಿ ಎರಡೂ ಒಂದೇ ಬಣ್ಣ. ಕೋಟನ್ನು ಮಡಚಿ ತನ್ನ ಬಳಿಯೇ ಇಟ್ಟುಕೊಂಡಳು.

ಮನೆಗೆ ಬಂದು ನನಗೆ ಹೇಳಿದಳು: "ನೋಡು ಅಳಿಯ, ನನ್ನ ಕಣ್ಣಿಗೆ ಏನೂ ಆಗಿಲ್ಲ ಅಂತಾರೆ ಡಾಕ್ಟ್ರು. ಬೆಳಕು ಬೇಕು, ಅಷ್ಟೇ. ಈ ಸಲ ಕಿಟಕಿ ಸಿಕ್ಲಿಲ್ಲ ಅಂದ್ರೆ ಸೂಜಿ ಕೆಳಗಿಡ್ತೀನಿ. ಹಾಳು ಮಾಡೋಕೆ ಅಂತ ಜನ ನನ್ನ ಹತ್ರ ಬಟ್ಟೆ ತರಲ್ಲ."

"ಹಾಗೇ ಕೇಳಿದ್ರೆ ಕೊಡಲ್ವಾ ಅತ್ತೆ?"

"ಜಿಪ್ಪಿನವನು ಅಕ್ಕಂಗೇ ಕೊಡಿ ಅಂದ. ಇಡೀ ವರ್ಷದಲ್ಲಿ ಅವನು ಆಡಿದ ಒಂದೇ ಮಾತು. ನಾನೇ ಬೇಡ ಅಂದೆ. ಕರುಣೆ ಮೇಲೆ ಕೂತ್ರೆ ಬೆಳಕೂ ಚುಚ್ಚುತ್ತೆ."

ಆಟದ ದಿನ ಜಾಡಿಗೆ ದಾರ ಕಟ್ಟಲು ಹೊರಗಿನವನೊಬ್ಬ ಬೇಕೆಂದು ನನ್ನನ್ನು ಕರೆದೊಯ್ದರು.

"ಅಳಿಯನ ಕೈಲಿ ದಾರ ಕಟ್ಟಿಸ್ತಿದೀರಲ್ಲಮ್ಮಾ, ನ್ಯಾಯಾನಾ?" ಎಂದರು ಮಾಸ್ತರು, ಎಲೆ ಕಲಸುತ್ತಾ.

"ಅವನಿಗೆ ಗಂಟು ಹಾಕೋಕೇ ಬರಲ್ಲ ಮಾಸ್ತ್ರೇ. ಮದ್ವೆ ಆಗಿದ್ದೂ ತಡವಾಗೇ," ಎಂದಳು ಅತ್ತೆ. ಹೀಗೆ ನನ್ನ ನಿಷ್ಪಕ್ಷಪಾತತನ ಸಾಬೀತಾಯಿತು.

ಮೊದಲು ಖಾಲಿಯಾದವನು ಜಿಪ್ಪಿನವನು. ಮುಖದಲ್ಲಿ ಏನೂ ತೋರಿಸದವನು ಪೋಕರಿನಲ್ಲಿ ಗೆಲ್ಲುತ್ತಾನೆ ಎಂದು ಕೇಳಿದ್ದೆ. ಆದರೆ ಎಲೆ ಚೆನ್ನಾಗಿ ಬಂದಾಗಲೆಲ್ಲ ಅವನ ಕಿವಿ ಕೆಂಪಾಗುತ್ತಿತ್ತು, ಅದಕ್ಕೆ ಜಿಪ್ಪಿರಲಿಲ್ಲ. ಸ್ಟೂಲು ಮಗುಚಿಟ್ಟು ಟೀ ತರಲು ಹೋದ.

ಅತ್ತೆಯ ಗುಡ್ಡ ಬೆಳೆಯಿತು. ಟೋಪಿ ಮಾವನಿಂದ ಬಂತು, ಮಾಸ್ತರಿಂದ ಬಂತು. ಅವಳು ಗುಂಡಿಗಳನ್ನು ಬಣ್ಣಬಣ್ಣವಾಗಿ ಸಾಲು ಹಿಡಿದು ಜೋಡಿಸುತ್ತಿದ್ದಳು, ಬಟ್ಟೆಯ ನೇಯ್ಗೆಯ ಹಾಗೆ. ಆಮೇಲೆ ಆ ಆಟ ಬಂತು. ಅವಳ ಕೈಯಲ್ಲಿ ರಾಜನ ಜೋಡಿ, ರಾಣಿಯ ಜೋಡಿ. ತುಂಬಿದ ಸಂಸಾರ. ನಡುವಿನ ಸಾಲನ್ನೇ ಎತ್ತಿ ಮೇಜಿನ ಮಧ್ಯಕ್ಕೆ ತಳ್ಳಿದಳು. ಮಾಸ್ತರು ಮೀಸೆ ಸವರಿಕೊಂಡು ಎಲೆ ಬಿಡಿಸಿದರು. ಮೂರು ಏಳು. ಒಂದೇ ಎಲೆ ಮೂರು ಬಂದರೆ ಎರಡು ಜೋಡಿಯೂ ಸೋತಂತೆ.

"ಅಯ್ಯೋ ಪಾಪ, ಅರಮನೆಗೇ ಬೆಂಕಿ ಬಿತ್ತು!" ಎಂದ ಟೋಪಿ ಮಾವ.

ಗುಂಡಿಗಳು ಮಾಸ್ತರ ಕಡೆ ಹೋದವು. ಅತ್ತೆಯ ಜೋಡಣೆಯ ನಡುವೆ ಅಂಗೈ ಅಗಲದ ಖಾಲಿ ಜಾಗ ಬಿದ್ದಿತು. ಸುತ್ತ ಇನ್ನೂ ಬೇಕಾದಷ್ಟಿತ್ತು, ಆದರೆ ಅವಳ ಕಣ್ಣು ಆ ಖಾಲಿಯನ್ನೇ ನೋಡುತ್ತಿತ್ತು. ನನಗೆ ಗೊತ್ತು ಆ ನೋಟ. ಶಾಲಿನಲ್ಲಿ ತೂತು ಕಂಡಾಗ ಹಾಗೇ ನೋಡುತ್ತಾಳೆ, ತುಟಿ ಸ್ವಲ್ಪ ಮುಂದಕ್ಕೆ ಬರುತ್ತದೆ. ಪ್ರತಿ ವರ್ಷ ಆಟ ಕೆಟ್ಟದ್ದು ಈ ನೋಟದಿಂದಲೇ.

"ಇನ್ನೊಂದೇ ಆಟ ಅಲ್ವಾ ಅಕ್ಕಾ?" ಮಾಸ್ತರು ಅವಳ ಮಾತನ್ನು ಅವಳಿಗೇ ಬಡಿಸಿದರು. "ಇಷ್ಟು ತುಂಬಿಸ್ಕೊಂಡು ಎದ್ಬಿಡಿ." ಎಲೆ ಹಂಚತೊಡಗಿದರು.

ಅತ್ತೆಯ ಕೈ ಮುಂದೆ ಬಂತು. ಗುಂಡಿಗಳ ಒಂದು ಸಾಲನ್ನು ಹಿಡಿದು ಆ ಖಾಲಿಯ ಕಡೆ ಸರಿಸಿತು. ಖಾಲಿ ಮುಚ್ಚಿತು, ಪಕ್ಕದಲ್ಲಿ ಇನ್ನೊಂದು ಖಾಲಿ ಬಿತ್ತು. ಅದನ್ನು ನೋಡಿದಳು. ಸಾಲನ್ನು ಮತ್ತೆ ಹಿಂದಕ್ಕೆ ತಂದಳು. ಮೊದಲ ಖಾಲಿ ಮತ್ತೆ ಬಾಯಿ ತೆರೆಯಿತು. ಅಷ್ಟರಲ್ಲಿ ಅವಳ ಮೊದಲ ಎಲೆ ಮೇಜಿನ ಮೇಲೆ ಜಾರಿ ಬಂತು. ಅತ್ತೆ ಅದನ್ನು ಎತ್ತಿ ನೋಡಲಿಲ್ಲ. ಒಂದು ಬೆರಳಿನಿಂದ ಮಾಸ್ತರ ಕಡೆಗೆ ತಳ್ಳಿದಳು.

"ನಂಗೆ ಹಾಕ್ಬೇಡಿ," ಎಂದು ಎದ್ದಳು.

"ಟೀ ಬಂತಾ?" ಎಂದ ಟೋಪಿ ಮಾವ, ಅವಳು ಎದ್ದದ್ದಕ್ಕೆ ಬೇರೆ ಕಾರಣವೇ ಹೊಳೆಯದೆ.

ಅತ್ತೆ ಸ್ಟೂಲನ್ನು ಎತ್ತಿದಳು. ಇಷ್ಟು ವರ್ಷಗಳಲ್ಲಿ ಒಮ್ಮೆಯೂ ತಲೆಕೆಳಗಾಗದ ಸ್ಟೂಲು. ಅದರ ತಳದಲ್ಲಿ ಬಡಗಿ ಬರೆದಿದ್ದ ಸೀಮೆಸುಣ್ಣದ ಗುರುತು ಹೊಸದರ ಹಾಗಿತ್ತು, ಪಕ್ಕದಲ್ಲಿ ಜೇಡವೊಂದು ತಲೆಮಾರುಗಳಿಂದ ಬಾಡಿಗೆ ಕೊಡದೆ ಸಂಸಾರ ನಡೆಸಿತ್ತು. ಧಡ್ ಎಂದು ಮೇಜಿನ ಮೇಲೆ ಮಗುಚಿಟ್ಟಳು.

"ಎಲೆಗಳೇ ಏಳು, ಏಳು, ಏಳು ಅಂದ್ವಲ್ಲ, ಅದಕ್ಕೆ ಎದ್ರಾ ಅಕ್ಕಾ?" ಎಂದ ಟೋಪಿ ಮಾವ.

"ಅದು ನಿನ್ನ ಜೋಕು ಕಣೋ, ನೀನೇ ಇಟ್ಕೋ. ಬಟ್ಟೇಲಿ ತೂತು ಬಿದ್ರೆ ನಾನು ಹೊರಗಿಂದ ಎಳೆ ತಂದು ಮುಚ್ತೀನಿ. ಈ ಮೇಜಿನ ಮೇಲೆ ಇಷ್ಟು ವರ್ಷ ಏನ್ ಮಾಡ್ತಿದ್ದೆ ಗೊತ್ತಾ? ಸುತ್ತ ಇರೋ ಒಳ್ಳೆ ಬಟ್ಟೇನೇ ಕಿತ್ತು ತೂತಿಗೆ ತುಂಬ್ತಿದ್ದೆ. ಇರ್ಲಿ ಬಿಡು, ಈ ತೂತು ತೂತಾಗೇ ಇರ್ಲಿ. ಅಳಿಯಾ, ಸುರಿ."

ಸುರಿದೆ. ಜಾಡಿಯ ಅರ್ಧ ದಾಟಿ ನಿಂತಿತು. ನನಗೆ ಗಂಟು ಹಾಕಲು ಬರುವುದಿಲ್ಲ ಎಂದಿದ್ದು ಸುಳ್ಳೇನಲ್ಲ. ಮೂರನೇ ಪ್ರಯತ್ನಕ್ಕೆ ಕೆಂಪು ದಾರ ನಿಂತಿತು.

ಇನ್ನು ಅತ್ತೆ ಮಾಡುವುದೇನೂ ಇರಲಿಲ್ಲ. ಕೈ ಕಟ್ಟಿಕೊಂಡು, ಉಳಿದಿಬ್ಬರು ಆಡುವುದನ್ನು ನೋಡುವುದು. ಇಷ್ಟು ವರ್ಷಗಳಲ್ಲೇ ಅವಳಿಗೆ ಅತಿ ಕಷ್ಟದ ಕೆಲಸ ಇದು: ನಿಂತುಕೊಂಡಿರುವುದು.

ಮಾಸ್ತರಿಗೆ ಅದೃಷ್ಟ ಹೊಡೆಯಿತು. ಟೋಪಿ ಮಾವನಿಗೆ ಅವರು ಒಂದರ ಮೇಲೊಂದು ಟೋಪಿ ಹಾಕಿದರು. ಅವನ ಮುಂದೆ ಉಳಿದದ್ದು ಒಂದು ಹಿಡಿ ಗುಂಡಿ. ಮಾಸ್ತರ ರಾಶಿ ಏರಿತು. ಅವರು ಜಾಡಿಯ ದಾರವನ್ನು ನೋಡಿದರು, ರಾಶಿಯನ್ನು ನೋಡಿದರು. ಬಟ್ಟೆಯನ್ನು ಟೇಪಿಲ್ಲದೆ ಕಣ್ಣಲ್ಲೇ ಅಳೆಯುವ ಮನುಷ್ಯ. ತುಟಿಯ ಮೂಲೆಯಲ್ಲಿ ನಗು ಬಂತು. ನನಗೂ ಕಾಣುತ್ತಿತ್ತು: ದಾರವನ್ನು ಒಂದು ಕೂದಲಷ್ಟು ದಾಟಿದ್ದರು. ಎದ್ದು ಸ್ಟೂಲು ಮಗುಚಿದರೆ ಮುಗಿಯಿತು.

ಅತ್ತೆಯ ಮುಖ ನೋಡಲು ನನಗೆ ಧೈರ್ಯವಾಗಲಿಲ್ಲ. ಅವಳ ಸೆರಗಿನಲ್ಲಿ ಚುಚ್ಚಿದ್ದ ಸೂಜಿಯನ್ನು ನೋಡಿದೆ.

"ಏಳ್ತೀರಾ ಮಾಸ್ತ್ರೇ?" ಟೋಪಿ ಮಾವ ಕೇಳಿದ.

ಮಾಸ್ತರು ಸ್ಟೂಲಿನಿಂದ ಅರ್ಧ ಎದ್ದೂ ಎದ್ದರು. ಆಮೇಲೆ ಮತ್ತೆ ಕೂತರು. "ಹೊಲಿಗೆ ಅಂಚಿಗೇ ಯಾವತ್ತಾದ್ರೂ ಕತ್ತರಿ ಹಾಕಿದೀನೇನಯ್ಯಾ? ಒಳಗೆ ಒಂದ್ಚೂರು ಬಟ್ಟೆ ಬಿಟ್ಟೇ ಕತ್ತರಿಸ್ಬೇಕು. ನಿನ್ನ ಹತ್ರ ಇರೋ ಆ ಹಿಡೀನೂ ಬರ್ಲಿ, ಆಮೇಲೆ ಏಳ್ತೀನಿ."

ಟೀ ತಂದು ನಿಂತಿದ್ದ ಜಿಪ್ಪಿನವನ ಕಿವಿ ಕೆಂಪಾಯಿತು. ಅವನು ಆಡುತ್ತಲೇ ಇರಲಿಲ್ಲ.

ಎಲೆ ಬಿತ್ತು. ಟೋಪಿ ಮಾವ ತನ್ನ ಹಿಡಿಯನ್ನೆಲ್ಲ ಮಧ್ಯಕ್ಕೆ ಸುರಿದ, ಕಳೆದುಕೊಳ್ಳುವುದಕ್ಕೆ ಏನೂ ಇಲ್ಲದವನ ಔದಾರ್ಯದಿಂದ. ಮಾಸ್ತರೂ ಅಷ್ಟೇ ಸುರಿದು ಎಕ್ಕದ ಜೋಡಿ ಬಿಡಿಸಿದರು. ಟೋಪಿ ಮಾವನ ಎಲೆಗಳು ಒಂದೊಂದಾಗಿ ಬಿದ್ದವು. ಇಸ್ಪೀಟು, ಇಸ್ಪೀಟು, ಇಸ್ಪೀಟು, ಐದೂ ಇಸ್ಪೀಟು. ಐದೂ ಒಂದೇ ಜಾತಿಯಾದರೆ ಎಕ್ಕದ ಜೋಡಿಯೂ ಸೋತಂತೆ.

"ಬಿಡಿ ಮಾಸ್ತ್ರೇ, ಒಳಗಿನ ಬಟ್ಟೆ ಸಿಗ್ಲಿಲ್ಲ, ಹೊರಗಿಂದೇ ಹೋಯ್ತು!"

ಮಾಸ್ತರ ರಾಶಿ ದಾರದ ಕೆಳಗಿಳಿಯಿತು. ಒಂದು ಹಿಡಿ ಕಡಿಮೆ, ಅಷ್ಟೇ. ಆಗ ಅವರು ಹೇಳಿದರು:

"ಇನ್ನೊಂದೇ ಆಟ."

ಅತ್ತೆಯ ವರ್ಷಗಳ ಕಾಯಿಲೆ ಮೇಜಿನ ಆ ಬದಿಗೆ ಅಂಟಿಕೊಂಡಿತ್ತು. ಒಂದಾಟ ಹೋಗಿ ಇನ್ನೊಂದಾಯಿತು. ಮಾಸ್ತರದು ಇಳಿಯಿತು, ಟೋಪಿ ಮಾವನದು ಏರಿತು. ಟೋಪಿ ಮಾವನೂ ದಾರದ ಕಡೆ ಆಸೆಯಿಂದ ನೋಡತೊಡಗಿದ. ಇನ್ನೆರಡು ಆಟ ಗೆದ್ದಿದ್ದರೆ ಮುಟ್ಟುತ್ತಿದ್ದನೇನೋ. ಅಷ್ಟರಲ್ಲಿ ಮೆಟ್ಟಿಲ ಮೇಲೆ ಕಾವಲುಗಾರನ ಬೀಗದಕೈ ಗೊಂಚಲು ಸದ್ದಾಯಿತು. ಇಬ್ಬರ ಗುಂಡಿಗಳನ್ನೂ ಒಬ್ಬರಾದ ಮೇಲೊಬ್ಬರದು ಜಾಡಿಗೆ ಸುರಿದು ನೋಡಿದೆವು. ಎರಡೂ ಹೆಚ್ಚು ಕಡಿಮೆ ಒಂದೇ ಮಟ್ಟ, ಅತ್ತೆಯ ಕೆಂಪು ದಾರಕ್ಕಿಂತ ನಾಲ್ಕು ಬೆರಳು ಕೆಳಗೆ.

ಆಗ ಜಿಪ್ಪಿನವನು ಬಾಯಿ ತೆರೆದ. "ಕಿಟಕಿ ಅಕ್ಕಂದು!" ಎಂದು ಎಷ್ಟು ಜೋರಾಗಿ ಕಿರುಚಿದನೆಂದರೆ ಕಾವಲುಗಾರ ಕಳ್ಳರೆಂದುಕೊಂಡು ಓಡಿ ಬಂದ.

ಅತ್ತೆ ನಗಲಿಲ್ಲ, ಅಳಲಿಲ್ಲ. ತನ್ನ ಮಗುಚಿದ ಸ್ಟೂಲಿನ ಮೇಲೆ ಕೈಯಿಟ್ಟು, "ಜೇಡಕ್ಕೆ ಏನೂ ಆಗ್ಲಿಲ್ವಲ್ಲ?" ಎಂದು ಬಗ್ಗಿ ನೋಡಿದಳು. ಗೆದ್ದವರು ಹೀಗೂ ಇರಬಹುದೆಂದು ನನಗೆ ಗೊತ್ತಿರಲಿಲ್ಲ.

ಮರುದಿನ ಬೆಳಿಗ್ಗೆ ಕಿಟಕಿಯ ಕೆಳಗೆ ಅವಳ ಮೇಜು, ಮೇಜಿನ ತುಂಬ ಬಿಸಿಲು. ಸೂಜಿಗೆ ದಾರ ಒಂದೇ ಸಲಕ್ಕೆ ಹೋಯಿತು. ಸಾಮಾನ್ಯವಾಗಿ ಅದಕ್ಕೆ ಮುಂಚೆ ನಾಲ್ಕಾರು ಬೈಗುಳ ಹೋಗುತ್ತಿದ್ದವು. ಮೊದಲು ತೆಗೆದದ್ದು ಆ ಕರಿ ಕೋಟನ್ನೇ. ನೀಲಿ ಎಳೆಗಳನ್ನು ಒಂದೊಂದಾಗಿ ಬಿಚ್ಚಿ, ನಿಜವಾದ ಕರಿ ಎಳೆ ಆರಿಸಿ, ದಿನವಿಡೀ ನೇಯ್ದಳು.

ಮಾಸ್ತರು ಪೈಪಿನ ಹಿಂದಿನ ಮೂಲೆಗೆ ಹೋಗಿದ್ದರು, ಆಟದಲ್ಲಿ ಕೊನೆಯವರಾಗಿ ಅಲ್ಲ. ಮೊದಲೇ ಖಾಲಿಯಾದ ಜಿಪ್ಪಿನವನಿಗೆ ಸಲ್ಲಬೇಕಿದ್ದ ಆ ಜಾಗವನ್ನು ತಾವೇ ಕೇಳಿ ಪಡೆದದ್ದು. "ಮಧ್ಯಾಹ್ನ ಕಣ್ಣು ಮುಚ್ಚೋಕೆ ಇಷ್ಟು ಒಳ್ಳೆ ಜಾಗ ಇಟ್ಕೊಂಡು ಇಷ್ಟು ವರ್ಷ ಬಾಯೇ ಬಿಡ್ಲಿಲ್ಲವಲ್ಲಮ್ಮಾ!" ಎಂದು ಅತ್ತೆಯನ್ನೇ ಬೈದರು.

ಸಂಜೆ ಕೋಟನ್ನು ಅವರ ಮುಂದೆ ಇಟ್ಟಳು. ಮಾಸ್ತರು ಕಿಟಕಿಗೆ ತಂದು ಹಿಡಿದರು. ತಿರುಗಿಸಿದರು. ಒಳಗಿನಿಂದ ನೋಡಿದರು. ಕನ್ನಡಕ ಒರೆಸಿಕೊಂಡರು.

"ತೂತು ಎಲ್ಲಿತ್ತಮ್ಮಾ?"

"ಹುಡುಕಿ."

"ಎಡಗಡೆ ತೋಳಾ, ಬಲಗಡೆನಾ? ಅಷ್ಟಾದ್ರೂ ಹೇಳಿ."

ಅತ್ತೆ ಸೂಜಿಯನ್ನು ಸೆರಗಿಗೆ ಚುಚ್ಚಿಕೊಂಡಳು. ಪಕ್ಕದಲ್ಲಿ ಅರ್ಧ ಮುಗಿದ ಶಾಲೊಂದು ಇನ್ನೂ ಹರಡಿಕೊಂಡಿತ್ತು, ಕಿಟಕಿಯಲ್ಲಿ ಒಂದಿಷ್ಟು ಬೆಳಕೂ ಉಳಿದಿತ್ತು. ಮಾಸ್ತರು ಕೋಟಿನ ಎರಡನೇ ತೋಳನ್ನು ಹುಡುಕಿ ಮುಗಿಸುವ ಮೊದಲೇ ಅವಳು ಶಾಲನ್ನು ಮಡಚಿ, ಸ್ಟೂಲನ್ನು ಮಗುಚಿಟ್ಟು, ಮನೆಗೆ ಹೊರಟುಹೋದಳು.