ಶುಕ್ರವಾರದ ಮುಯ್ಯಿ, ಶನಿವಾರದ ಬಟವಾಡೆ

ಆಗ ನನಗೆ ಇಪ್ಪತ್ತೆಂಟು ವರ್ಷ. ಅದಕ್ಕೀಗ ಅರವತ್ತು ವರ್ಷ ದಾಟಿತು. ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ಬಿಚ್ಚುವ ಶೆಡ್ಡಿಗೆ ಕೂಲಿಗೆ ಹೋಗುತ್ತಿದ್ದೆ. ಕುದಿಯುವ ನೀರಿನಲ್ಲಿ ಗೂಡು ಬೇಯುತ್ತಿರುತ್ತದೆ. ಅದರಲ್ಲಿ ಕೈಯಾಡಿಸಿ ಎಳೆ ಹುಡುಕಿ ಚರಕಕ್ಕೆ ಕೊಡಬೇಕು. ಬೆರಳು ಬೆಂದು ಬೆಳ್ಳಗಾಗುತ್ತಿತ್ತು. ಎಷ್ಟು ತೊಳೆದರೂ ಹುಳದ ವಾಸನೆ ಹೋಗುತ್ತಿರಲಿಲ್ಲ. ಕಷ್ಟ ಹೇಳಿಕೊಳ್ಳುತ್ತಿಲ್ಲ, ಕೆಲಸ ಇದ್ದದ್ದೇ ಹಾಗೆ.

ನಮ್ಮ ಯಜಮಾನರು ಅದೇ ಶೆಡ್ಡಿನಲ್ಲಿ ಒಲೆಗೆ ಸೌದೆ ಹಾಕುತ್ತಿದ್ದರು. ಆ ಬೇಸಿಗೆ ಅವರು ಜ್ವರ ಅಂತ ಮಲಗಿದವರು ಏಳಲೇ ಇಲ್ಲ. ಕಷಾಯ ಕೊಟ್ಟೆವು, ತಾಯತ ಕಟ್ಟಿಸಿದೆವು. ಕೊನೆಗೆ ಮಾತು ತೊದಲಿ, ನನ್ನನ್ನೇ ಯಾರು ಅಂತ ಕೇಳಿದಾಗ, ಸಣ್ಣ ರೈಲಿನಲ್ಲಿ ಮಲಗಿಸಿಕೊಂಡು ಚಿಕ್ಕಬಳ್ಳಾಪುರದ ಆಸ್ಪತ್ರೆಗೆ ಹೋದೆವು. ವಿಷಮಶೀತ ಜ್ವರ ಅಂದರು ಡಾಕ್ಟರು. ಮಾತ್ರೆ ಹೊರಗಿನ ಅಂಗಡಿಯಲ್ಲಿ ತರಬೇಕು, ಬಲು ದುಬಾರಿ.

ಶೆಡ್ಡಿನ ಮೇಸ್ತ್ರಿ ಐವತ್ತು ರೂಪಾಯಿ ಕೊಟ್ಟ. ನಮ್ಮ ಕೂಲಿ ಬಟವಾಡೆ ಮಾಡುತ್ತಿದ್ದವನೂ ಅವನೇ, ಸಾಲ ಕೊಡುತ್ತಿದ್ದವನೂ ಅವನೇ. ಬಟವಾಡೆ ಸಾಲ ಅಂತಲೇ ಅದಕ್ಕೆ ಹೆಸರು. ರೂಪಾಯಿಗೆ ವಾರಕ್ಕೆ ಒಂದಾಣೆ ಬಡ್ಡಿ. ಶನಿವಾರ ಬೆಳಿಗ್ಗೆ ಒಲೆ ಹಚ್ಚುವ ಮೊದಲು ಕೂಲಿ ಕೊಡುವಾಗಲೇ ಮುರಿದುಕೊಳ್ಳುತ್ತಿದ್ದ. ನಾನು ಆಸ್ಪತ್ರೆಯಲ್ಲಿದ್ದ ವಾರಗಳಲ್ಲಿ ಕೂಲಿಯೇ ಇಲ್ಲ, ಬಡ್ಡಿ ಎಲ್ಲಿಂದ ಮುರಿಯುವುದು? ಅದನ್ನು ಅಸಲಿಗೆ ಸೇರಿಸಿದ. ತಪ್ಪಿದ ವಾರಕ್ಕೆ ತಪ್ಪು ಕಾಸು ಅಂತ ಬೇರೆ ಹಾಕಿದ. ಯಜಮಾನರು ಗೋಡೆ ಹಿಡಿದು ನಡೆಯುವ ಹೊತ್ತಿಗೆ ಐವತ್ತು ಹೋಗಿ ತೊಂಬತ್ತಾಗಿತ್ತು. ನನ್ನ ಕೂಲಿ ಬಹುಪಾಲು ಬಡ್ಡಿಗೇ ಹೋಗುತ್ತಿತ್ತು. ಅಸಲಿಗೆ ಅಂತ ಎರಡು ರೂಪಾಯಿ ಕೊಡಲು ಹೋದರೆ, "ಚೂರುಚೂರು ತಗೊಳ್ಳಲ್ಲಮ್ಮ. ತಂದ್ರೆ ಒಂದೇ ಗಂಟು ತಾ" ಅನ್ನುತ್ತಿದ್ದ.

ಅವನನ್ನು ರಾಕ್ಷಸ ಅಂತ ಬರೆಯುವುದಿಲ್ಲ. ಅವತ್ತು ಊರಲ್ಲಿ ಬೇರೆ ಯಾರೂ ಕೊಡಲಿಲ್ಲ, ಅವನು ಕೊಟ್ಟ. ಮಾತ್ರೆ ಬಂದದ್ದು ಆ ದುಡ್ಡಿನಲ್ಲೇ. ಅವನೂ ಯಾರೋ ಸಾಹುಕಾರನಿಂದ ಬಡ್ಡಿಗೆ ತಂದು ನಮಗೆ ಕೊಡುತ್ತಿದ್ದ ಅಂತ ಆಮೇಲೆ ತಿಳಿಯಿತು.

ಒಂದು ಶನಿವಾರ ಅವನು ಹೇಳಿದ: "ನಿನ್ ಮಗ್ಳಿಗೆ ಏಳು ತುಂಬ್ತಲ್ಲ? ಚರಕ ತಿರುಗ್ಸೋಕೆ ಕಳ್ಸು. ಬಡ್ಡಿ ಅವಳ ಕೂಲೀಲಿ ಹೋಗ್ತದೆ. ನಿನ್ ಕೂಲಿ ನಿಂಗೆ ಉಳೀತದೆ."

ಕೇಳುವುದಕ್ಕೆ ಉಪಕಾರದ ಹಾಗೇ ಇತ್ತು. ಆದರೆ ಹಾಗೆ ಬಂದ ಮಕ್ಕಳು ಮೈನೆರೆಯುವ ತನಕ ಆ ಚರಕದ ಹಿಡಿ ಬಿಟ್ಟು ಹೋದದ್ದನ್ನು ನಾನು ನೋಡಿರಲಿಲ್ಲ. ಮನೆಗೆ ಬಂದು ಹೇಳಿದೆ. ಯಜಮಾನರು ಚಾಪೆಯ ಮೇಲೆ ಕೂತು ನೆಲ ನೋಡುತ್ತಾ, "ನಾನು ಸುಧಾರಿಸ್ಕೊಳ್ಳೋ ತಂಕ ಕಳ್ಸಾಣವಾ?" ಅಂದರು.

"ನಿಮ್ಮನ್ನ ಉಳಿಸ್ಕೊಂಡಿದ್ದು ಮಗ್ಳನ್ನ ಮಾರೋಕಾ?" ಅಂದೆ. ಅವರು ಮುಖ ಆ ಕಡೆ ತಿರುಗಿಸಿಕೊಂಡರು. ಜ್ವರದಲ್ಲಿ ಅರ್ಧ ಇಳಿದಿದ್ದ ಮನುಷ್ಯ. ಅಷ್ಟು ಸಾಕು ಅಂತ ಒಲೆ ಕಡೆಗೆ ಹೋದೆ.

ದಾರಿ ತೋರಿಸಿದವರು ನಮ್ಮ ಅತ್ತೆ. ಅವರು ಚಿಂತಾಮಣಿಯಾಚೆಯ ತೆಲುಗು ಸೀಮೆಯವರು. ಮೂಲೆಯಲ್ಲಿ ಎಲೆಅಡಿಕೆ ಕುಟ್ಟುತ್ತಾ, "ಏಮ್ಮಾ, ನಾವು ಹಾಕಿರೋ ಮುಯ್ಯಿ ಊರೂರಾಗೆ ಬಿದ್ದೈತಲ್ಲ, ಅದ್ಯಾವಾಗ ಬರೋದು?" ಅಂದರು.

ಮದುವೆಯಲ್ಲೋ ನಾಮಕರಣದಲ್ಲೋ ನಾವು ಕೊಟ್ಟ ಮುಯ್ಯಿಯನ್ನು, ನಮ್ಮ ಮನೆಯಲ್ಲಿ ಕಾರ್ಯ ಆದಾಗ ಅವರು ತಿರುಗಿ ಕೊಡಬೇಕು. ಕಾರ್ಯವಿಲ್ಲದೆ ಬಾಯಿಬಿಟ್ಟು ಕೇಳುವ ಹಾಗಿಲ್ಲ, ಕೇಳಿದರೆ ಮಾನ ಹೋಗುತ್ತದೆ. ಜಂಗಮಕೋಟೆ, ಅಂಬಾಜಿದುರ್ಗದ ಕಡೆಯ ಹಳ್ಳಿ, ಗೌರಿಬಿದನೂರು, ಎಲ್ಲ ಕಡೆ ನಮ್ಮದು ಒಂದೊಂದು, ಎರಡೆರಡು ಮುಯ್ಯಿ ಬಾಕಿ ಇತ್ತು. ನಮಗೊಂದು ಕಾರ್ಯ ಬೇಕಿತ್ತು. ದುಡ್ಡಿಲ್ಲದೆ ಮಗಳ ಕಿವಿ ಇನ್ನೂ ಚುಚ್ಚಿಸಿರಲಿಲ್ಲ.

ದಿನವನ್ನು ನಾನೇ ಗೊತ್ತು ಮಾಡಿದೆ, ಶುಕ್ರವಾರ. ಶುಕ್ರವಾರ ಯಾರೂ ಬಾಡೂಟ ಕೇಳುವುದಿಲ್ಲ. ಅನ್ನ, ಅವರೆಬೇಳೆ ಸಾರು, ಬೆಲ್ಲದ ಪಾಯಸದಲ್ಲಿ ಮುಗಿಯುತ್ತದೆ. ಅಕ್ಕಿಬೇಳೆ ನಮ್ಮಣ್ಣ ಹೊರುತ್ತೇನೆ ಅಂದ. ಸೋದರಮಾವ ಅಂದಮೇಲೆ ಅವನ ತೊಡೆಯ ಮೇಲೇ ಮಗು ಕೂರಬೇಕಲ್ಲ. ಎಂಥ ಜಾಣೆ ನಾನು ಅಂದುಕೊಂಡೆ.

ಜನ ಬಂದರು. ಮನೆ ಮುಂದೆ ಹೊಂಗೆ ಸೊಪ್ಪಿನ ಚಪ್ಪರ. ಅಕ್ಕಸಾಲಿಗ ತಂತಿ ಚುಚ್ಚಿದ ಕೂಡಲೇ ಮಗಳು ನಮ್ಮಣ್ಣನ ಕೈ ಕಚ್ಚಿದಳು. "ನಿಮ್ಮಮ್ಮನ ಹಲ್ಲೇ ಕಣೇ ನಿಂಗೂ!" ಅಂತ ಅವನು ಕೈ ಒದರಿದ. ಎಲ್ಲ ನಕ್ಕರು. ಆಮೇಲೆ ಹಿತ್ತಾಳೆ ತಟ್ಟೆ ಇಟ್ಟು ಒಬ್ಬ ಕೂಗುತ್ತಾ ಹೋದ: "ಜಂಗಮಕೋಟೆ ದೊಡ್ಡಪ್ಪನೋರ ಮುಯ್ಯಿ ಐದ್ರೂಪಾಯಿ! ಗೌರಿಬಿದನೂರು ಚಿಕ್ಕಮ್ಮನೋರ್ದು ಮೂರು!" ಶೆಡ್ಡಿನ ಹೆಂಗಸರೂ ಎಂಟಾಣೆ, ರೂಪಾಯಿ ಹಾಕಿದರು. ಅವರಿಗೇನೂ ನಾನು ಕೊಟ್ಟಿರಲಿಲ್ಲ. ಕರೆಯಬೇಕಾದ್ದರಿಂದ ಮೇಸ್ತ್ರಿಯನ್ನೂ ಕರೆದಿದ್ದೆ. ಎರಡು ಸಲ ಪಾಯಸ ಹಾಕಿಸಿಕೊಂಡು ಅವನೂ ಒಂದು ರೂಪಾಯಿ ಹಾಕಿದ.

ನಮ್ಮಣ್ಣ ಎಣಿಸಿದ. ತೊಂಬತ್ತೆರಡು. ತೊಂಬತ್ತು ಕೊಟ್ಟರೆ ತೀರಿತು.

ತಟ್ಟೆ ಎತ್ತಿಕೊಂಡು ಮೇಸ್ತ್ರಿ ಕಡೆ ಎರಡು ಹೆಜ್ಜೆ ಹೋಗಿದ್ದೆ. ಗೌರಿಬಿದನೂರಿನ ಚಿಕ್ಕಮ್ಮ ಸೆರಗು ಹಿಡಿದು ಜಗ್ಗಿದರು. "ಏನೇ, ಬುದ್ಧಿ ಐತಾ ನಿಂಗೆ? ಶುಕ್ರವಾರ, ದೀಪ ಹಚ್ಚೋ ಹೊತ್ತು, ಮನೆ ಲಕ್ಷ್ಮೀನ ಆಚೆ ಕಳಿಸ್ತಾರಾ?"

ಬಾಡೂಟ ಉಳಿಸುವ ಲೆಕ್ಕದಲ್ಲಿ ಇದು ತಲೆಗೇ ಬಂದಿರಲಿಲ್ಲ. ನಮ್ಮ ಕಡೆ ಶುಕ್ರವಾರ ಯಾರೂ ದುಡ್ಡು ಕೊಡುವುದಿಲ್ಲ, ನೆರೆಮನೆಗೆ ಉಪ್ಪು ಕೂಡ ಕೊಡುವುದಿಲ್ಲ. ನಾಳೆ ಕೊಡೋಣ ಅಂದರೆ ನಾಳೆ ಬಟವಾಡೆ, ಹೊಸ ವಾರದ ಬಡ್ಡಿ ಐದೂವರೆ ರೂಪಾಯಿಗೂ ಮೇಲೆ ಸೇರುತ್ತದೆ. ಕಾರ್ಯದ ಓಡಾಟದಲ್ಲಿ ಈ ವಾರ ನಾನು ಮೂರೇ ದಿನ ಕೆಲಸಕ್ಕೆ ಹೋದದ್ದು, ಆ ಕೂಲಿ ಸೇರಿಸಿದರೂ ಈ ದುಡ್ಡು ಸಾಲದು. ಗಂಟು ಪೂರ್ತಿಯಾಗದೆ ಅವನು ಮುಟ್ಟುವುದಿಲ್ಲ. ಮುಯ್ಯಿ ಇನ್ನೊಂದು ಸಲ ಬರುವುದಿಲ್ಲ. ಮಗಳು ಚರಕಕ್ಕೆ ಹೋಗಬೇಕು.

ಮೇಸ್ತ್ರಿಯೂ ಎದ್ದು ಚಪ್ಪಲಿ ಹುಡುಕುತ್ತಾ, "ಅಮ್ಮ ಹೇಳಿದ್ದು ಸರಿ. ಶುಭದ ದಿನ ಯಾಕೆ ಸಾಲದ ಮಾತು? ನಾಳೆ ನೋಡಾಣ" ಅಂದ.

"ನಾಳೆ ಇದೇ ಲೆಕ್ಕಕ್ಕೆ ತಗೋತೀರಾ?" ಅಂದೆ.

"ನಾಳೆ ನಾಳೆ ಲೆಕ್ಕ ಕಣಮ್ಮ."

ಕೊಟ್ಟೇಬಿಡುತ್ತೇನೆ, ಬರುವ ಪಾಪ ಬರಲಿ ಅಂತ ಬಾಯಿಗೆ ಬಂದಿತ್ತು. ಯಜಮಾನರ ಮುಖ ನೋಡಿದೆ. ಸಾವಿನ ಬಾಗಿಲಿಂದ ಈಚೆಗೆ ಬಂದವರು. ಆ ಮನೆಯ ಲಕ್ಷ್ಮಿಯನ್ನು ಅವಳ ದಿನವೇ ಹೊರಗೆ ಹಾಕಲು ನನಗೂ ಧೈರ್ಯ ಬರಲಿಲ್ಲ. ತಟ್ಟೆ ಹಿಡಿದು ಒಳಕ್ಕೆ ತಿರುಗಿದೆ.

"ನಿಂತ್ಕೊಳೇ ಅಲ್ಲೇ!" ಅಂತ ಅತ್ತೆ ಕೂಗಿದರು. ಬಾಗಿಲಿಗೆ ಅಡ್ಡ ಬಂದು ಎರಡು ಕೈಯನ್ನೂ ಚೌಕಟ್ಟಿಗೆ ಕೊಟ್ಟು ನಿಂತರು. "ತಟ್ಟೆ ಒಳಕ್ಕೆ ತರಬ್ಯಾಡ. ಹೊಸ್ತಿಲು ದಾಟಿದ್ರೆ ತಾನೇ ನಮ್ಮನೆ ಲಕ್ಷ್ಮಿ? ಚಪ್ಪರದಾಗಿರೋದು ಇನ್ನೂ ಬಂದೋರ ದುಡ್ಡು. ಅಲ್ಲಿಂದ ಎಲ್ಲಿಗಾನ ಹೋಗ್ಲಿ, ನಮಗೇನು ದೋಷ?"

ಜಂಗಮಕೋಟೆಯ ದೊಡ್ಡಪ್ಪ ಮೀಸೆ ಒರೆಸಿಕೊಂಡು, "ಅದೂ ನಿಜವೇ ಕಣಮ್ಮ" ಅಂದರು. ದೊಡ್ಡವರು ಅಂದಮೇಲೆ ಆಯಿತು.

ಚಪ್ಪರದ ಕೆಳಗೇ ಮೇಸ್ತ್ರಿಯ ಮುಂದೆ ತಟ್ಟೆ ಇಟ್ಟೆ. ಅಷ್ಟು ಜನ ನೋಡುತ್ತಿದ್ದರು. ತನ್ನ ಮನೆಗೆ ಬರುವ ಲಕ್ಷ್ಮಿಯನ್ನು ಶುಕ್ರವಾರ ಬೇಡ ಅನ್ನಲು ಅವನಿಗೂ ಬಾಯಿಲ್ಲ. ತೊಂಬತ್ತು ಎಣಿಸಿಕೊಂಡ.

"ಇಷ್ಟು ಜನರ ಮುಂದೆ ಕೊಡಬೇಕಿತ್ತಾ? ಹಂಗೇ ಕೊಟ್ಟಿದ್ರೆ ಬ್ಯಾಡ ಅಂತಿದ್ನಾ?"

"ಬ್ಯಾಡ ಅಂತಿರಲಿಲ್ಲ ಮೇಸ್ತ್ರಿ. ನಾಳೆ ಬಾ ಅಂತಿದ್ರಿ."

ಶೆಡ್ಡಿನ ಹೆಂಗಸರು ಸೆರಗು ಬಾಯಿಗೆ ತುರುಕಿಕೊಂಡರು. ಅವನಿಗೂ ತುಟಿಯ ಮೂಲೆಯಲ್ಲಿ ನಗು ಬಂತು. "ತೀರಿತು" ಅಂತ ಎಲ್ಲರಿಗೂ ಕೇಳುವ ಹಾಗೆ ಹೇಳಿ, ಮಗಳ ತಲೆ ಸವರಿ ಹೋದ. ಯಜಮಾನರು ಚಪ್ಪರದ ಗಳ ಹಿಡಿದುಕೊಂಡು ನಿಂತಿದ್ದರು. ಮಗಳನ್ನು ಎತ್ತಿಕೊಳ್ಳಲು ಹೋದರು, ಶಕ್ತಿ ಸಾಲದೆ ಪಕ್ಕದಲ್ಲಿ ಕೂರಿಸಿಕೊಂಡರು.

ಮುಯ್ಯಿಯೂ ಸಾಲವೇ. ಶೆಡ್ಡಿನ ಹೆಂಗಸರ ಮನೆಯ ಕಾರ್ಯಗಳಿಗೆಲ್ಲ ಹೋಗಿ, ಅವರವರದ್ದು ತಿರುಗಿ ಹಾಕಿ ಮುಗಿಸುವುದಕ್ಕೆ ನನಗೆ ಬಹಳ ವರ್ಷ ಹಿಡಿಯಿತು. ಮೇಸ್ತ್ರಿಯ ಮೊಮ್ಮಗಳ ನಾಮಕರಣಕ್ಕೂ ಹೋಗಿ ಒಂದು ರೂಪಾಯಿ ಹಾಕಿ ಬಂದೆ. ಆದರೆ ಕೊಟ್ಟವರು ಶನಿವಾರ ಶನಿವಾರ ಬಂದು ಬಾಗಿಲಲ್ಲಿ ನಿಲ್ಲಲಿಲ್ಲ.

ಮಾರನೆಯ ಬೆಳಿಗ್ಗೆ ಬೇಗ ಎದ್ದು, ಎರವು ತಂದಿದ್ದ ಹಂಡೆಗಳನ್ನು ಉಜ್ಜಿ ಅವರವರ ಮನೆಗೆ ಕೊಟ್ಟೆ. ಮಗಳ ಕಿವಿಗೆ ಅರಿಶಿನ ಎಣ್ಣೆ ಹಚ್ಚಿ ಸ್ಕೂಲಿಗೆ ಕಳಿಸಿದೆ. ಶೆಡ್ಡಿಗೆ ಹೋಗಿ ಬಟವಾಡೆಯ ಸಾಲಿನಲ್ಲಿ ನಿಂತೆ. ಮೇಸ್ತ್ರಿ ಏನೂ ಮುರಿಯದೆ ಆ ಮೂರು ದಿನದ ಕೂಲಿ ಪೂರ್ತಿ ಕೈಗೆ ಹಾಕಿದ. ಹಾಕಿ, ಎಂದಿನ ಹಾಗೆ, "ಬೇಕೇನಮ್ಮ ಈ ವಾರಕ್ಕೆ ಏನಾದ್ರೂ?" ಅಂದ. ದುಡ್ಡನ್ನು ಸೆರಗಿನ ತುದಿಗೆ ಗಂಟು ಹಾಕಿ ಸೊಂಟಕ್ಕೆ ಸಿಕ್ಕಿಸಿಕೊಂಡೆ. ಗೂಡಿನ ಬುಟ್ಟಿ ಎತ್ತಿಕೊಂಡು ಒಳಗೆ ಹೋದೆ.