ಚೆಂಡುಹೂವಿನ ಮೇಲೆ ಬಿದ್ದ ಅಪವಾದ

ನಿನ್ನ ಹೊಟ್ಟೆ ಸುಟ್ಟದ್ದು ಚೆಂಡುಹೂವಲ್ಲ, ದೊಡ್ಡವ್ವ — ನಾನು.

ಆ ಮಧ್ಯಾಹ್ನವನ್ನು ಈಗಲೂ ಮೊದಲಿನಿಂದ ನೋಡುತ್ತಿರುತ್ತೇನೆ. ಚಿಂಚೋಳಿಯ ನಿನ್ನ ಹಿತ್ತಲು, ಒಲೆಯ ಮೇಲೆ ಹಂಡೆ, ನೀನೇ ಬೆಳೆಸಿದ ಹೂವು ಕುದಿದು ಬಿಟ್ಟ ಹಳದಿ ನೀರು, ಅದರಲ್ಲಿ ಮುಳುಗಿದ ಕುರಿಯ ಉಣ್ಣೆ. ಕಲಬುರಗಿಯ ಪ್ರದರ್ಶನಕ್ಕೆ ಹಸಿರು ಶಾಲು ಬೇಕೆಂದು ನಾನು ಹಠ ಹಿಡಿದಿದ್ದೆ; ಹಳದಿಯೇ ಸಾಕು ಎಂದವಳು ನೀನು. ನೀನು ಕುಳ್ಳು ತರಲು ಹೋದಾಗ, ಹೊಲಕ್ಕೆಂದು ತಂದಿಟ್ಟಿದ್ದ ಮೈಲುತುತ್ತದ ನೀಲಿ ಹರಳನ್ನು ಮುಷ್ಟಿಗಟ್ಟಲೆ ಹಂಡೆಗೆ ಹಾಕಿದೆ. ಅದು ಹಳದಿಯನ್ನು ಹಸಿರಾಗಿಸುತ್ತದೆಂದೂ, ವಿಷವೆಂದೂ ಕಾಲೇಜಿನಲ್ಲಿ ಓದಿದ್ದೆ. ಬಣ್ಣದ ನೀರನ್ನು ನೀನು ರುಚಿ ನೋಡುತ್ತೀ ಎಂಬುದೂ ಗೊತ್ತಿತ್ತು. ಒಗರು ನಾಲಿಗೆ ಹಿಡಿದರೆ ಬಣ್ಣ ಉಣ್ಣೆ ಹಿಡಿಯುತ್ತದೆ ಎನ್ನುವವಳು. ಉಗುಳಿದರೆ ಬಣ್ಣ ಮುನಿಯುತ್ತದೆಂದು ನುಂಗಿಯೇಬಿಡುವವಳು.

ಕುಳ್ಳು ತಂದ ನೀನು ಕೋಲಿನಿಂದ ಉಣ್ಣೆ ಎತ್ತಿದೆ. ಹಸಿರು!

“ಅಯ್ಯವ್ವ! ಇಷ್ಟ್ ವರ್ಷದಾಗ ನನ್ನ ಹೂವು ಇಂಥಾ ಬಣ್ಣ ಕೊಟ್ಟಿಲ್ಲ ನೋಡು. ಕಾಲೇಜ್ ಕಲ್ತಾಕಿ ಬಂದಾಳಂತ ನಾಚ್ಕೊಂಡು ಹಸರಾಗ್ಯಾದೇನು?”

ನಾನೂ ನಕ್ಕೆ. ನೀನು ಸೌಟಿನಲ್ಲಿ ನೀರೆತ್ತಿಕೊಂಡು ಊದತೊಡಗಿದೆ. ಅದು ಆರುವವರೆಗೆ ನನಗೆ ಹೊತ್ತಿತ್ತು, ದೊಡ್ಡವ್ವ — ಅಷ್ಟೂ ಹೊತ್ತಿತ್ತು. ಬೇಡ ಎಂದಿದ್ದರೆ ಕದ್ದು ಹಾಕಿದ್ದು ಬಯಲಾಗುತ್ತಿತ್ತು. ಒಂದು ಗುಟುಕು ತಾನೆ ಎಂದುಕೊಂಡು…

ಆಮೇಲೆ ನೀನು ಹಸಿರು ವಾಂತಿ ಮಾಡಿದ್ದು, ಟಂಟಂ ಗಾಡಿಯಲ್ಲಿ ನನ್ನ ತೊಡೆಯ ಮೇಲೆ ನಿನ್ನ ತಲೆ, ನನ್ನ ಕೈಯೊಳಗೆ ತಣ್ಣಗಾಗುತ್ತಿದ್ದ ನಿನ್ನ ಬೆರಳು. ಆಸ್ಪತ್ರೆಯಲ್ಲಿ ಡಾಕ್ಟರು ನನ್ನನ್ನೇ ಕೇಳಿದರು: “ಏನ್ ಕುಡದಾರ್ರಿ? ಖರೇ ಹೇಳ್ರಿ, ಅದರ ಮ್ಯಾಲೆ ಔಷಧ ಅದ.”

“ಚೆಂಡುಹೂವಿನ ನೀರ್ರೀ. ಬರೇ ಹೂವಿನ ನೀರು.”

ಮಲಗಿದ್ದಲ್ಲೇ ನೀನು ಕೇಳಿಸಿಕೊಂಡೆ. ನಂಬಿದೆ.

ಹೇಗೋ ನೀನು ಉಳಿದೆ. ಆದರೆ ರೊಟ್ಟಿ ಇಳಿಯದು, ಖಾರ ಆಗದು, ಇಂದಿಗೂ ಗಂಜಿಯೇ. ಮನೆಗೆ ಬಂದವಳೇ ಹಿತ್ತಲಿನ ಹೂಗಿಡಗಳನ್ನೆಲ್ಲ ಬೇರುಸಹಿತ ಕಿತ್ತೆ. “ಮಕ್ಕಳಂಗ ಸಾಕಿದ್ನೆವ್ವ, ನನಗೇ ನಂಜು ಕೊಟ್ವು” ಎನ್ನುತ್ತ ಕಿತ್ತೆ. ಮೊಗ್ಗು ತುಂಬಿದ ಆ ಗಿಡಗಳನ್ನು ತಿಪ್ಪೆಗೆ ಹೊತ್ತು ಹಾಕಿದವಳು ನಾನು. ಆಗಲೂ ಬಾಯಿ ಬಿಡಲಿಲ್ಲ. ಅಂದಿನಿಂದ ನೀನು ಉಣ್ಣೆ ಮುಟ್ಟಿಲ್ಲ. ದೀಪಾವಳಿಗೂ ಬಾಗಿಲಿಗೆ ಚೆಂಡುಹೂವು ಕಟ್ಟಗೊಡುವುದಿಲ್ಲ.

ಆ ಹಸಿರು ಉಣ್ಣೆ ನನ್ನ ಟ್ರಂಕಿನಲ್ಲಿದೆ. ಇನ್ನೂ ಮಾಸಿಲ್ಲ.

ಈ ಕಾಗದ ನಿನಗೆ ಓದಲು ಬಾರದು. ಬೇರೆಯವರ ಬಾಯಲ್ಲಿ ನೀನಿದನ್ನು ಕೇಳಬಾರದು. ನಾಳೆ ನಾನೇ ಬಂದು, ಆ ಬರಿದಾದ ಹಿತ್ತಲಲ್ಲಿ ನಿಂತು ಓದುತ್ತೇನೆ. ಆಮೇಲೆ ನನ್ನನ್ನು ಏನೆಂದರೂ ಸರಿ, ದೊಡ್ಡವ್ವ — ಹೂವನ್ನು ಮಾತ್ರ ಬೈಯಬೇಡ.